ತಂಬೂರಿ ಎಲ್ಲಿಗೆ ಹೋಯ್ತು?

ಮೈಸೂರಿನಲ್ಲಿ ನಮ್ಮ ಮನೆ ಜಗಲಿಗೆ ದಿನಾ ಸಂಜೆ 5ಕ್ಕೆ 14 ಮಕ್ಕಳು ಕರ್ನಾಟಕ ಸಂಗೀತ ಕಲಿಯಲು ಬರುತ್ತಿದ್ದರು. ಸ್ಕೂಲ್ ಬ್ಯಾಗ್ ಮೂಲೆಗೆಸೆದು, ಚಾಪೆ ಮೇಲೆ ಕೂತರೆ ಸರಳೆ ವರಸೆ, ಅಂದರೆ ಮೊದಲ ಸ್ವರಪಾಠ, ಶುರು. 2020ರ ಮಾರ್ಚ್‌ನಲ್ಲಿ ಅದೆಲ್ಲ ನಿಂತಿತು. ಏಪ್ರಿಲ್‌ನಲ್ಲಿ ತಾಯಂದಿರೇ ಕೇಳಿದರು, "ಮೇಡಂ, ಆನ್‌ಲೈನ್‌ನಲ್ಲಿ ಆಗಲ್ವಾ?" ಆಗುತ್ತೆ ಅಂದುಬಿಟ್ಟೆ.

ಮೊದಲ ದಿನ ಎಲ್ಲರ ಮೈಕೂ ಆನ್. ನಾನು ಮಾಯಾಮಾಳವಗೌಳ ರಾಗದಲ್ಲಿ 'ಸ ರಿ ಗ ಮ' ಹಾಡಿ, "ಈಗ ಎಲ್ಲರೂ ಒಟ್ಟಿಗೆ" ಅಂದೆ. ಬಂದದ್ದು ಬಸ್ ಸ್ಟ್ಯಾಂಡಿನ ಗದ್ದಲ. ನೆಟ್ ಸರಿಯಿಲ್ಲ ಅಂದುಕೊಂಡು ಒಂದು ವಾರ ರೂಟರ್ ಜೊತೆ ಗುದ್ದಾಡಿದೆ. ತಪ್ಪು ನೆಟ್‌ದಲ್ಲ. ಜಗಲಿಯಲ್ಲಿ 3 ಮೀಟರ್ ದೂರ ಕೂತ ಮಗುವಿಗೆ ನನ್ನ ದನಿ ಸೆಕೆಂಡಿನ ನೂರನೇ ಒಂದು ಭಾಗದೊಳಗೆ ಮುಟ್ಟುತ್ತದೆ. ವಿಡಿಯೊ ಕಾಲ್‌ನಲ್ಲಿ ಕಾಲು ಸೆಕೆಂಡ್ ತಡವಾದರೂ ಆಶ್ಚರ್ಯವಿಲ್ಲ. ಮಾತಾಡುವಾಗ ಅದು ಗೊತ್ತೇ ಆಗಲ್ಲ. ಆದರೆ ಲೆಕ್ಕ ಹಾಕಿ ನೋಡಿ: ತಾಳದ ಒಂದು ಅಕ್ಷರಕ್ಕೆ (ಒಂದು ಎಣಿಕೆಗೆ) ಒಂದು ಸೆಕೆಂಡ್ ಇಟ್ಟರೆ, ಮೂರನೇ ಕಾಲದಲ್ಲಿ, ಅಂದರೆ ನಾಲ್ಕು ಪಟ್ಟು ವೇಗದಲ್ಲಿ, ಅಷ್ಟರಲ್ಲೇ 4 ಸ್ವರ ಬರಬೇಕು. ಕಾಲು ಸೆಕೆಂಡ್ ತಡ ಅಂದರೆ ಪೂರ್ತಿ ಒಂದು ಸ್ವರ ಹಿಂದೆ! ಒಟ್ಟಿಗೆ ಹಾಡಿಸುವ ಆಸೆಯನ್ನು ಅಲ್ಲಿಗೇ ಬಿಟ್ಟೆ.

ಇನ್ನೊಂದು ತಮಾಷೆ. ನಾನು ಶ್ರುತಿಗೆ, ಅಂದರೆ ಹಾಡಿನ ಆಧಾರ ಸ್ವರಕ್ಕೆ, ಎಲೆಕ್ಟ್ರಾನಿಕ್ ತಂಬೂರಿ ಹಾಕಿಕೊಂಡೇ ಹಾಡುತ್ತಿದ್ದೆ. ಒಂದು ಹುಡುಗಿ, "ಮೇಡಂ, ಶ್ರುತಿ ಹಾಕಲ್ವಾ?" ಅಂದಳು. ಒಂದೇ ಸಮ ಮೊಳಗುವ ತಂಬೂರಿಯನ್ನು ವಿಡಿಯೊ ಕಾಲ್‌ನ ಆಪ್, ಫ್ಯಾನಿನ ಸದ್ದು ಅಂತ ತಿಳಿದು ಒರೆಸಿಹಾಕುತ್ತಿತ್ತು. ನಮಗೆ ಯಾವುದು ಆಧಾರವೋ ಅದಕ್ಕೆ ಅದೇ ಕಸ. ಸೆಟ್ಟಿಂಗ್ಸ್‌ನಲ್ಲಿ 'ಒರಿಜಿನಲ್ ಸೌಂಡ್' ಆನ್ ಮಾಡಿದ ಮೇಲೆ ಸ್ವಲ್ಪ ಕೇಳಿಸಿತು. ಕೊನೆಗೆ ಪ್ರತಿ ಮಗುವೂ ತನ್ನ ಮನೆಯಲ್ಲೇ, ಇನ್ನೊಂದು ಫೋನಿನಲ್ಲಿ, ಶ್ರುತಿ ಆಪ್ ಹಾಕಿಕೊಳ್ಳುವುದೇ ಒಳ್ಳೆಯದು ಅನ್ನಿಸಿತು. ಎರಡು ಫೋನ್ ಇದ್ದವರಿಗೆ ಮಾತ್ರ, ಅಷ್ಟೇ.

ತಾಳದ ಕೈ ಕಾಣುತ್ತಿರಲಿಲ್ಲ, ಬರೀ ಮುಖ. ಫೋನನ್ನು ಅಕ್ಕಿ ಡಬ್ಬಕ್ಕೆ ಒರಗಿಸಿ ತೊಡೆ ಕಾಣೋ ಹಾಗೆ ಇಡಿ ಅಂದೆ. ಆಗ ಗುಟ್ಟು ರಟ್ಟಾಯಿತು: ಎರಡು ವರ್ಷದಿಂದ ಬರುತ್ತಿದ್ದ ಇಬ್ಬರು ಬೆರಳು ಎಣಿಸುತ್ತಲೇ ಇರಲಿಲ್ಲ, ಪಕ್ಕದವರನ್ನು ನೋಡಿ ತಟ್ಟುತ್ತಿದ್ದರು. ಗುಂಪಿನಲ್ಲಿ ನನಗೇ ತಿಳಿದಿರಲಿಲ್ಲ. ನಾಚಿಕೆಯಾಯಿತು.

ಮೂವರ ಮನೆಯಲ್ಲಿ ಇದ್ದದ್ದು ಅಪ್ಪನ ಫೋನ್ ಒಂದೇ. ಅದು ಮನೆಗೆ ಬರುತ್ತಿದ್ದದ್ದು ರಾತ್ರಿ 8ಕ್ಕೆ. ಅವರಿಗಾಗಿ ವಾಟ್ಸಾಪ್ ವಾಯ್ಸ್ ನೋಟ್ ಶುರು ಮಾಡಿದೆ. ನಾನೊಂದು ಅಲಂಕಾರ (ತಾಳಕ್ಕೆ ಕಟ್ಟಿದ ಸ್ವರಪಾಠ) ಹಾಡಿ ಕಳಿಸುವುದು, ಅವರು ತಿರುಗಿ ಹಾಡಿ ಕಳಿಸುವುದು. ತಿಂಗಳಾದ ಮೇಲೆ ನೋಡಿದರೆ ಆ ಮೂವರೇ ಎಲ್ಲರಿಗಿಂತ ಮುಂದೆ! ಒಬ್ಬಳ ಅಮ್ಮ ಹೇಳಿದರು, "ಒಂದು ಕಳಿಸೋಕೆ ಹತ್ತು ಸಲ ಅಳಿಸ್ತಾಳೆ ಮೇಡಂ." ಸಾಧಕ (ಅಭ್ಯಾಸ) ಮಾಡಿ ಅಂತ ವರ್ಷಗಟ್ಟಲೆ ಬೈದರೂ ಆಗದ್ದು ಅಳಿಸುವ ಬಟನ್ನಿನಿಂದ ಆಯಿತು. ಆಮೇಲೆ ಎಲ್ಲರಿಗೂ ಅದೇ. ಲೈವ್ ಕ್ಲಾಸ್ ವಾರಕ್ಕೆ ಎರಡೇ, ಅದೂ ಮೂರು ಮೂರು ಮಕ್ಕಳಿಗೆ.

ವಿಜಯದಶಮಿಗೆ ಒಂದು ಪಿಳ್ಳಾರಿ ಗೀತೆ (ಮಕ್ಕಳಿಗೆ ಮೊದಲು ಕಲಿಸುವ ಗಣಪತಿಯ ಪುಟ್ಟ ಹಾಡು) ಎಲ್ಲರ ದನಿ ಸೇರಿಸಿ ಹಾಡಿಸೋಣ ಅಂತ ಹೊರಟೆ. ಶ್ರುತಿ, ತಾಳದ ಸದ್ದು ಇರುವ ಒಂದೇ ಟ್ರ್ಯಾಕ್ ಎಲ್ಲರಿಗೂ ಕಳಿಸಿದೆ. ಅದನ್ನು ಇಯರ್‌ಫೋನಿನಲ್ಲಿ ಕೇಳುತ್ತಾ, ಟ್ರ್ಯಾಕಿನಲ್ಲಿ ಹೇಳಿದ ಕಡೆ ಒಂದು ಚಪ್ಪಾಳೆ ಹೊಡೆದು, ಹಾಡಿ ರೆಕಾರ್ಡ್ ಮಾಡಬೇಕು. ಬಂದದ್ದು 11. ಒಂದರಲ್ಲಿ ಕುಕ್ಕರ್ ವಿಷಲ್. ಎರಡನ್ನು ಇಯರ್‌ಫೋನ್ ಇಲ್ಲದೆ ಮಾಡಿದ್ದರಿಂದ ಟ್ರ್ಯಾಕೂ ಸೇರಿಕೊಂಡಿತ್ತು. ಆಡಾಸಿಟಿ ಅನ್ನುವ ಆಡಿಯೊ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಚಪ್ಪಾಳೆಗೆ ಚಪ್ಪಾಳೆ ಹೊಂದಿಸುತ್ತಾ ಮೂರು ರಾತ್ರಿ ಕೂತೆ. ಎರಡು ನಿಮಿಷದ ಹಾಡಿಗೆ! ಮತ್ತೆ ಮಾಡಲ್ಲ, ಹೇಳಿದ್ದೀನಿ.

2021ರ ಜನವರಿಯಲ್ಲಿ ಆರು ಮಕ್ಕಳು ಮಾಸ್ಕ್ ಹಾಕಿಕೊಂಡು ಜಗಲಿಗೆ ವಾಪಸ್ ಬಂದರು. ನಿಜವಾದ ತಂಬೂರಿ ಮೀಟಿ 'ಸ ರಿ ಗ ಮ' ಹಾಡಿ ಕೈ ತೋರಿಸಿದೆ. ಯಾರೂ ಬಾಯಿ ಬಿಡಲಿಲ್ಲ. ಒಬ್ಬರ ಮುಖ ಒಬ್ಬರು ನೋಡುತ್ತಾ, ಯಾರ ಸರದಿ ಅಂತ ಕಾಯುತ್ತಿದ್ದರು.