ಶನಿವಾರವೇ ಹೊರಟ ಭಾನುವಾರದ ಗಾಡಿ

ಮಂಡ್ಯದಲ್ಲಿ ನಮ್ಮದು ಶಾಮಿಯಾನ ಅಂಗಡಿ. ಚಪ್ಪರ, ಕುರ್ಚಿ, ಪಾತ್ರೆ ಬಾಡಿಗೆಗೆ ಕೊಡುತ್ತೇವೆ. ನಾನು ಊರೂರು ಸುತ್ತಿ ಆರ್ಡರ್ ಹಿಡಿದು ಫೋನಿನ ಕ್ಯಾಲೆಂಡರ್‌ಗೆ ಹಾಕುತ್ತೇನೆ. ಅಂಗಡಿಯ ಹಳೇ ಕಂಪ್ಯೂಟರ್‌ನಲ್ಲಿ ಥಂಡರ್‌ಬರ್ಡ್ ಇದೆ, ಇಮೇಲ್, ಕ್ಯಾಲೆಂಡರ್ ನೋಡುವ ಸಾಫ್ಟ್‌ವೇರ್. ಎರಡಕ್ಕೂ ಒಂದೇ ಅಕೌಂಟ್. ಮನೆಯವಳು ಅದರಿಂದ ಲಿಸ್ಟ್ ಪ್ರಿಂಟ್ ತೆಗೆದು ಹುಡುಗರ ಕೈಗೆ ಕೊಡುತ್ತಾಳೆ.

ಹೋದ ಮಾಘದಲ್ಲಿ, ಸರಿಯಾಗಿ ಮದುವೆ ಸೀಸನ್ನಿನಲ್ಲೇ ಇದು ಕೈ ಕೊಟ್ಟಿತು. ಫೋನಿನಲ್ಲಿ ಹಾಕಿದ್ದು ಕಂಪ್ಯೂಟರ್‌ಗೆ ಬರುತ್ತಲೇ ಇರಲಿಲ್ಲ, ಅಂದರೆ ಸಿಂಕ್ ಆಗುತ್ತಿರಲಿಲ್ಲ. ವೈಫೈ ಆಫ್ ಮಾಡಿ ಆನ್ ಮಾಡಿದೆ. ಪಾಸ್‌ವರ್ಡ್ ಬದಲಾಯಿಸಿದೆ. ಅಕೌಂಟ್ ತೆಗೆದು ಮತ್ತೆ ಹಾಕಿದೆ. ಬ್ರೌಸರ್ ಪಾಪ ನೇರವಾಗಿಯೇ ಹೇಳುತ್ತಿತ್ತು: ನಿಮ್ಮ ಗಡಿಯಾರ ಹಿಂದಿದೆ ಅಂತ. ನಾನು ಅದನ್ನು ಓದದೆ ಮುಚ್ಚುತ್ತಿದ್ದೆ. ಕೊನೆಗೆ ಒಬ್ಬ ಮೆಕ್ಯಾನಿಕ್ ಬಂದು ವಿಂಡೋಸ್ಸನ್ನೇ ಹೊಸದಾಗಿ ಹಾಕಿದ. ಗಡಿಯಾರ ನೋಡಿ, ತನ್ನ ಕೈಗಡಿಯಾರಕ್ಕೆ ಹೊಂದಿಸಿ ಹೋದ. ಎಂಟ್ರಿಗಳೆಲ್ಲ ದಬದಬ ಬಂದವು. ನಾನು ನಿರಾಳ.

ಆ ಶುಕ್ರವಾರ ಸಂಜೆ ಮನೆಯವಳ ಫೋನ್. "ರೀ, ರಾತ್ರಿ ಹತ್ತೂವರೆಗೆ ಬೀಗರೂಟ ಅಂತ ತೋರಿಸ್ತಿದೆ, ಯಾರ ಮನೇದು?" ನಾನು ಗಾಡಿ ಓಡಿಸುತ್ತಿದ್ದೆ. ಇರಲಿ ಬಿಡು, ಬಂದು ನೋಡ್ತೀನಿ ಅಂದು ಮರೆತೆ. ಶನಿವಾರ ಮಧ್ಯಾಹ್ನ ಕೆರಗೋಡಿನಿಂದ ಕರೆ: "ಯಾಕಣ್ಣ, ನಾಳೆ ಬೆಳಗಿನ ಜಾವ ಬರಬೇಕಾದ ಗಾಡಿ ಇವತ್ತೇ ಬಂದದಲ್ಲ?" ಅದೇ ಗಾಡಿ ಅವತ್ತು ಸಂಜೆ ಇಲ್ಲೇ ಪೇಟೆಬೀದಿ ಹತ್ತಿರ ರಿಸೆಪ್ಷನ್‌ಗೆ ಬೇಕಿತ್ತು. ಬೈಸಿಕೊಂಡೆ.

ರಾತ್ರಿ ಫೋನು, ಕಂಪ್ಯೂಟರ್ ಪಕ್ಕಪಕ್ಕ ಇಟ್ಟು ಕೂತೆ. ಭಾನುವಾರ ಬೆಳಗಿನ 4ರ ಲೋಡ್ ಕಂಪ್ಯೂಟರ್‌ನಲ್ಲಿ ಶನಿವಾರ ಮಧ್ಯಾಹ್ನ 2:30. ಭಾನುವಾರ 12ರ ಬೀಗರೂಟ ಶನಿವಾರ ರಾತ್ರಿ 10:30. ಪ್ರತಿಯೊಂದೂ ಹದಿಮೂರೂವರೆ ಗಂಟೆ ಹಿಂದೆ. ವ್ಯತ್ಯಾಸ ಎಲ್ಲದಕ್ಕೂ ಒಂದೇ ಇದ್ದರೆ ತಪ್ಪು ಎಂಟ್ರಿಯದ್ದಲ್ಲ, ಟೈಮ್ ಝೋನ್‌ನದ್ದು. ಹೊಸ ವಿಂಡೋಸ್ ಅಮೆರಿಕದ ಪೆಸಿಫಿಕ್ ಟೈಮ್‌ನಲ್ಲೇ ಉಳಿದಿತ್ತು. ಅದು ಚಳಿಗಾಲದಲ್ಲಿ ಯುಟಿಸಿಗಿಂತ (ಜಗತ್ತಿಗೆಲ್ಲ ಅಳತೆಗೋಲಾದ ಟೈಮ್) 8 ಗಂಟೆ ಹಿಂದೆ, ನಾವು 5:30 ಮುಂದೆ. ಕೂಡಿಸಿದರೆ ಲೆಕ್ಕ ಸರಿಹೋಯಿತು. ಮೆಕ್ಯಾನಿಕ್ ಅಂಕಿ ತಿದ್ದಿದ್ದ, ಊರು ತಿದ್ದಿರಲಿಲ್ಲ. ಗಡಿಯಾರದಲ್ಲಿ ಮಂಡ್ಯದ ಟೈಮೇ ಕಾಣುತ್ತಿದ್ದಾಗ ಯಾರಿಗೆ ತಾನೇ ಅನುಮಾನ ಬರುತ್ತೆ, ಅಲ್ವಾ? ಝೋನ್ ಬದಲಿಸಿ, ಟೈಮ್ ತಾನಾಗಿ ಹೊಂದಿಕೊಳ್ಳುವ ಸೆಟ್ಟಿಂಗ್ ಆನ್ ಮಾಡಿದೆ.

ಸೋಮವಾರ ಬೆಳಗ್ಗೆ ನೋಡಿದರೆ ಮತ್ತೆ ಸಿಂಕ್ ಇಲ್ಲ! ಈ ಸಲ ಗಡಿಯಾರವನ್ನೇ ಮೊದಲು ನೋಡಿದೆ. 2015ರ ಜನವರಿ 1. ರಾತ್ರಿ ಅಂಗಡಿ ಮುಚ್ಚುವಾಗ ನಾವು ಮೇನ್ ಸ್ವಿಚ್ ಆಫ್ ಮಾಡುತ್ತೇವೆ. ಆಮೇಲೆ ಕಂಪ್ಯೂಟರ್‌ನ ಗಡಿಯಾರ ಓಡುವುದು ಮದರ್‌ಬೋರ್ಡ್ ಮೇಲಿನ ಪುಟ್ಟ ಸೆಲ್‌ನಿಂದ. ಅದು ಸತ್ತಿತ್ತು. ದಿನಾಂಕ ವರ್ಷಗಟ್ಟಲೆ ಹಿಂದಿದ್ದರೆ ಸರ್ವರ್‌ನ ಸರ್ಟಿಫಿಕೇಟ್, ಅಂದರೆ ಅದರ ಗುರುತಿನ ಚೀಟಿಯ ಅವಧಿ, ಇನ್ನೂ ಶುರುವೇ ಆಗಿಲ್ಲ ಅನ್ನುವ ಲೆಕ್ಕ, ಹಾಗಾಗಿ ಸಂಪರ್ಕವೇ ಆಗುವುದಿಲ್ಲ. ತಾನಾಗಿ ಹೊಂದಿಕೊಳ್ಳುವ ಸೆಟ್ಟಿಂಗ್ ಏನು ಮಾಡುತ್ತಿತ್ತು ಅಂದರೆ, ವ್ಯತ್ಯಾಸ 15 ಗಂಟೆಗಿಂತ ಜಾಸ್ತಿ ಇದ್ದರೆ ವಿಂಡೋಸ್ ಸಾಮಾನ್ಯವಾಗಿ ತಾನಾಗಿ ತಿದ್ದುವುದಿಲ್ಲ.

ಸೆಲ್‌ನ ಹೆಸರು ಸಿಆರ್ 2032. ಅಗಲ 20 ಮಿ.ಮೀ., ದಪ್ಪ 3.2 ಮಿ.ಮೀ., ಅದಕ್ಕೇ ಆ ನಂಬರು. ಕಾರಿನ ರಿಮೋಟ್‌ಗೂ ಹಾಕುತ್ತಾರೆ, ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಪವರ್ ವೈರ್ ಪೂರ್ತಿ ಕಿತ್ತು, ಪಕ್ಕದ ಕ್ಲಿಪ್ ಒತ್ತಿದರೆ ಹಳೇದು ಮೇಲೆದ್ದು ಬಂತು. ಹೊಸದನ್ನು ಪ್ಲಸ್ ಗುರುತು ಮೇಲೆ ಬರುವಂತೆ ಕೂರಿಸಿದೆ. ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ತೆರೆಯುವ ಸೆಟ್ಟಿಂಗ್ ಪುಟ) ಒಮ್ಮೆ ದಿನಾಂಕ ಹಾಕಿದೆ. ಐದು ನಿಮಿಷದ ಕೆಲಸ.

ಇನ್ನೊಂದು ಮಾತು. ಸಿಂಕ್ ಸರಿಹೋಯಿತಾ ಅಂತ ಪರೀಕ್ಷೆ ಮಾಡಲು ಮಧ್ಯಾಹ್ನದ ಎಂಟ್ರಿ ಹಾಕಬೇಡಿ. ಫೋನಿನಿಂದ ಬೆಳಗಿನ ಜಾವ 4ಕ್ಕೆ ಒಂದು ಹಾಕಿ, ಕಂಪ್ಯೂಟರ್‌ನಲ್ಲಿ ಯಾವ ದಿನದಡಿ ಬಂತು ನೋಡಿ. ಟೈಮ್ ಝೋನ್ ಬರೀ ಐದೂವರೆ ಗಂಟೆ ಹಿಂದಿದ್ದರೂ ಅದು ಹಿಂದಿನ ದಿನಕ್ಕೆ ಜಾರಿರುತ್ತದೆ. ಮಧ್ಯಾಹ್ನದ್ದಾದರೆ ಅದೇ ದಿನದ ಬೆಳಗ್ಗೆಗೆ ಹೋಗಿ ಕೂತಿರುತ್ತದೆ, ಬೇಗ ಕಣ್ಣಿಗೆ ಬೀಳಲ್ಲ. ನಾನು ಹಾಕಿದ್ದು "ಸುಮ್ನೆ" ಅಂತ. ಮಾರನೇ ದಿನ ಅದೂ ಪ್ರಿಂಟ್ ಆಗಿ ಹುಡುಗರ ಕೈಗೆ ಹೋಗಿತ್ತು.