ಬೈಗುಳ ಇಲ್ಲದ ಬಿಗ್ ಬಾಸ್ ಪೇಜ್: ನನ್ನ ಅನುಭವ

ಕಿತ್ತಾಟ ಇಲ್ಲದಿದ್ದರೆ ಬಿಗ್ ಬಾಸ್ ಪೇಜಿಗೆ ಯಾರು ಬರ್ತಾರೆ ಅಂತ ಮಂಡ್ಯದ ಗೆಳೆಯರೆಲ್ಲ ಕೇಳಿದ್ದರು. ಹನ್ನೊಂದನೇ ಸೀಸನ್ ಮುಗಿಯುವ ಹೊತ್ತಿಗೆ ನನ್ನ ಒಂದೊಂದು ಪೋಸ್ಟಿಗೆ 300-400 ಕಾಮೆಂಟ್ ಬರುತ್ತಿದ್ದವು. ಅಳಿಸಬೇಕಾದವು ಹತ್ತೋ ಹದಿನೈದೋ ಅಷ್ಟೇ.

ಶುರು ಮಾಡಿದ್ದು ಹತ್ತನೇ ಸೀಸನ್‌ನಲ್ಲಿ. ಮೈಸೂರಿನ ಕಾರ್ತಿಕ್ ಮಹೇಶ್ ಒಂದು ಕಡೆ, ನಮ್ಮ ಜಿಲ್ಲೆಯ ಡ್ರೋನ್ ಪ್ರತಾಪ್ ಇನ್ನೊಂದು ಕಡೆ. 2024ರ ಜನವರಿಯಲ್ಲಿ ಕಾರ್ತಿಕ್ ಗೆದ್ದು ಪ್ರತಾಪ್ ರನ್ನರ್ ಅಪ್ ಆದರಲ್ಲ, ಆ ರಾತ್ರಿ ಆಟದ ಬಗ್ಗೆ ಮಾತಾಡಿದವರೇ ಕಮ್ಮಿ. ಇಬ್ಬರ ಅಭಿಮಾನಿಗಳೂ ಊರು, ಅಪ್ಪ, ಅಮ್ಮ ಎಲ್ಲರನ್ನೂ ಎಳೆದು ಬೈದಾಡಿದರು.

ದುಡ್ಡು ಚೆನ್ನಾಗಿಯೇ ಹೋಯಿತು. ಬೂಸ್ಟ್‌ಗೆ, ಅಂದರೆ ದುಡ್ಡು ಕೊಟ್ಟು ಪೋಸ್ಟನ್ನು ಹೆಚ್ಚು ಜನರಿಗೆ ತೋರಿಸಲು, ಏಳೆಂಟು ಸಾವಿರ ಹಾಕಿದೆ. ಲೈಕ್ ಬಂತು, ಮಾತಾಡುವವರು ಬರಲಿಲ್ಲ. ಎಡಿಟರ್‌ಗೆ ರೀಲಿಗೆ 300 ರೂಪಾಯಿ ಕೊಟ್ಟು ಮಾಡಿಸಿದ ಕ್ಲಿಪ್‌ಗಳು ಕಾಪಿರೈಟ್ ಅಂತ ಹಾರಿಹೋದವು. ‘ಯಾರು ಗೆಲ್ಲಬೇಕು’ ಪೋಲ್ ಹಾಕಿದರೆ ಅರ್ಧ ಗಂಟೆಯಲ್ಲಿ ಯಾವುದೋ ‘ಆರ್ಮಿ’ಯವರು (ಒಬ್ಬ ಸ್ಪರ್ಧಿಯ ಅಭಿಮಾನಿಗಳ ಗುಂಪು) ವಾಟ್ಸಾಪ್‌ನಲ್ಲಿ ಲಿಂಕ್ ಹಂಚಿ ಫಲಿತಾಂಶ ಉಲ್ಟಾ ಮಾಡುತ್ತಿದ್ದರು.

ಕೊನೆಗೆ ಕೈಹಿಡಿದದ್ದು ಇದು. ಹಗಲು ಪ್ರೋಮೋ ಬಂದಾಗ ನಾನು ಬಾಯಿ ಬಿಡುವುದಿಲ್ಲ. ಪ್ರೋಮೋದಲ್ಲಿ ಹಿಂದುಮುಂದು ಕತ್ತರಿಸಿರುತ್ತಾರೆ, ಅರ್ಧ ಜಗಳ ಹುಟ್ಟುವುದೇ ಅಲ್ಲಿ. ರಾತ್ರಿ ಎಪಿಸೋಡ್ ಮುಗಿದ ಮೇಲೆ ಒಂದೇ ಘಟನೆ ಹಿಡಿದು ಒಂದೇ ಪ್ರಶ್ನೆ. ‘ಕ್ಯಾಪ್ಟನ್ ಒಬ್ಬರನ್ನು ಟಾಸ್ಕ್‌ನಿಂದ ಹೊರಗಿಟ್ಟಿದ್ದು ಸರಿಯಾ? ಕಾರಣ ಬರೀರಿ.’ ‘ಯಾರು ಬೆಸ್ಟ್’ ಅಂತ ಯಾವತ್ತೂ ಕೇಳುವುದಿಲ್ಲ. ನನ್ನ ಮಾತನ್ನು ಒಪ್ಪದೆ ಕಾರಣ ಕೊಟ್ಟು ಬರೆದವರ ಕಾಮೆಂಟನ್ನು ಎಲ್ಲಕ್ಕಿಂತ ಮೇಲೆ ಕಾಣುವಂತೆ ಪಿನ್ ಮಾಡುತ್ತೇನೆ. ಪಿನ್ ಸಿಗಲಿ ಅಂತಲೇ ಜನ ಯೋಚಿಸಿ ಬರೆಯಲು ಶುರು ಮಾಡಿದರು. ನಿರೂಪಕ ಸುದೀಪ್ ಬಂದು ವಾರದ ಲೆಕ್ಕ ಕೇಳುವ ಶನಿವಾರ ಸಂಜೆ, ‘ಇವತ್ತು ಸುದೀಪ್ ಯಾವ ವಿಷಯ ಎತ್ತಬೇಕು?’ ಅಂತ ಕೇಳಿ, ಎತ್ತಿದ್ದೇನು, ಬಿಟ್ಟಿದ್ದೇನು ಅಂತ ಭಾನುವಾರ ತಾಳೆ ನೋಡುತ್ತೇವೆ. ವಾರದಲ್ಲೇ ಜಾಸ್ತಿ ಮಾತು ನಡೆಯುವುದು ಆಗ. ಇಷ್ಟು ಚೊಕ್ಕವಾಗಿ ನಡೆಯುವ ಚರ್ಚೆ ನಮ್ಮ ಕಡೆ ಬೇರೆ ಪೇಜಿನಲ್ಲಿ ನಾನಂತೂ ನೋಡಿಲ್ಲ.

ದುಡ್ಡು ತಗೊಂಡು ಕಾಮೆಂಟ್ ಹಾಕುವ ಪೇಯ್ಡ್ ಅಕೌಂಟ್‌ಗಳನ್ನು ಹೇಗೆ ಗುರುತಿಸುತ್ತೇನೆ ಅನ್ನುವುದನ್ನು ಮಾತ್ರ ಬರೆಯುವುದಿಲ್ಲ. ಅವರೂ ಓದುತ್ತಾರೆ, ಅಲ್ವಾ?

ಇನ್ನೊಂದು ಪ್ರಯೋಗವನ್ನೂ ಮಾಡಿದೆ. ನಮ್ಮ ಬೀದಿಯ ಅಕ್ಕಂದಿರು ಎಪಿಸೋಡ್ ತಪ್ಪಿಸುವುದಿಲ್ಲ, ಆದರೆ ಟೈಪ್ ಮಾಡುವುದಿಲ್ಲ. ಅವರ ವಾಯ್ಸ್ ನೋಟ್ ತರಿಸಿ ಹಾಗೇ ಬರೆದು ಹಾಕಿದೆ. ಹನ್ನೊಂದನೇ ಸೀಸನ್‌ನಲ್ಲಿ ವೈಲ್ಡ್ ಕಾರ್ಡ್ ಆಗಿ, ಅಂದರೆ ಶೋ ಶುರುವಾದ ಮೇಲೆ ಒಳಗೆ ಬಂದ ಹನುಮಂತನ ಬಗ್ಗೆ ಒಬ್ಬರು, “ಯಾವ್ದನ್ನೂ ತಲ್ಗೆ ಹಚ್ಕಳಲ್ಲ ಕನಪ್ಪ, ಅದ್ಕೇ ಉಳ್ಕಂಡವ್ನೆ” ಅಂದಿದ್ದರು. ಆ ಪೋಸ್ಟ್ ಮೈಸೂರಿನವರೇ ಜಾಸ್ತಿ ಶೇರ್ ಮಾಡಿದರು. ಆಮೇಲೆ ಸೀಸನ್ ಗೆದ್ದಿದ್ದೂ ಹನುಮಂತನೇ.

ಈಗ ಊರಿನ ಎರಡು ಅಂಗಡಿಯವರು ತಿಂಗಳಿಗೆ ಎರಡು ಸಾವಿರದಷ್ಟು ಜಾಹೀರಾತು ಕೊಡುತ್ತಾರೆ. ಬೂಸ್ಟ್‌ಗೆ ಸುರಿದ ದುಡ್ಡು ಹೆಚ್ಚುಕಮ್ಮಿ ವಾಪಸ್ ಬಂದಿದೆ. ಒಬ್ಬ ಸ್ಪರ್ಧಿಯನ್ನು ಹೊಗಳಲು ದುಡ್ಡು ಕೊಡುತ್ತೇವೆ ಅಂತ ಬಂದವರನ್ನು ಹಾಗೇ ಕಳಿಸಿದ್ದೇನೆ.