ಗೆರೆ ಮುಟ್ಟುವಾಗ ಡೈವ್ ಹೊಡೆಯಬಹುದಾ?

ನಾನು 400 ಮೀಟರ್ ಓಡುತ್ತಿದ್ದವಳು, ಈಗ ಮಕ್ಕಳಿಗೆ ಓಟ ಕಲಿಸುತ್ತೇನೆ. ಹೊಸದಾಗಿ ಬಂದವರೆಲ್ಲ ಕೇಳುತ್ತಾರೆ: "ಮಿಸ್, ಕೊನೆಯಲ್ಲಿ ಡೈವ್ ಹೊಡೆದರೆ ಮೋಸ ಅಲ್ವಾ?"

ಅಲ್ಲ. ನಿಯಮ ನೋಡುವುದು ಮುಂಡವನ್ನು ಮಾತ್ರ. ತಲೆ, ಕತ್ತು, ಕೈ, ಕಾಲು ಲೆಕ್ಕಕ್ಕಿಲ್ಲ. ಮುಂಡ ಗೆರೆಯ ಈಚೆ ಅಂಚಿಗೆ ಬಂದ ಕ್ಷಣವೇ ನಿಮ್ಮ ಸಮಯ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಬಹಾಮಾಸ್‌ನ ಶೋನೆ ಮಿಲ್ಲರ್ ಗೆರೆಯ ಮೇಲೆ ಬಿದ್ದೇ 400 ಮೀಟರ್ ಚಿನ್ನ ಗೆದ್ದರು. ಅವರದು 49.44 ಸೆಕೆಂಡ್, ಎರಡನೆಯವರಾದ ಅಮೆರಿಕದ ಆಲಿಸನ್ ಫೆಲಿಕ್ಸ್ ಅವರದು 49.51. ಆ ಚಿನ್ನ ನ್ಯಾಯವಾದದ್ದೇ. ಅಷ್ಟು ದಣಿದ ಮೈಯನ್ನು ಮುಂದೆ ಎಸೆಯುವುದಕ್ಕೂ ಧೈರ್ಯ ಬೇಕು.

ಆದರೂ ನಾನು ಕಲಿಸುವುದು ಬಾಗುವುದನ್ನು. ಕಾಲು ನೆಲ ಬಿಟ್ಟ ಮೇಲೆ ತಳ್ಳಲು ಏನೂ ಇರುವುದಿಲ್ಲ, ವೇಗ ಹೆಚ್ಚಿಸೋಕೆ ಆಗಲ್ಲ. ಸ್ವಲ್ಪ ಬೇಗ ಹಾರಿದರೂ ಗೆರೆಗಿಂತ ಮೊದಲೇ ಬೀಳುತ್ತೀರಿ. ನಾನೊಮ್ಮೆ ಹಾಗೆ ಬಿದ್ದು ಎರಡೂ ಮೊಣಕೈ ಚರ್ಮ ಕಿತ್ತುಹೋಗಿತ್ತು. ಪದಕವೂ ಹೋಯಿತು.

ಹೀಗೆ ಮಾಡಿ. ಕಣ್ಣು ಗೆರೆಯ ಮೇಲೆ ಬೇಡ, ಅದರಾಚೆ ಹತ್ತು ಮೀಟರ್ ದೂರ ಇರಲಿ. ಪೂರ್ತಿ ವೇಗದಲ್ಲೇ ಬನ್ನಿ. ಕೊನೆಯ ಹೆಜ್ಜೆಯಲ್ಲಿ ಮಾತ್ರ ಎದೆ ಮುಂದೆ ಚಾಚಿ, ಕೈಗಳನ್ನು ಜೋರಾಗಿ ಹಿಂದಕ್ಕೆ ಎಳೆಯಿರಿ. ಮೂರು ಹೆಜ್ಜೆ ಮೊದಲೇ ಬಾಗಿದರೆ ಓಟ ಕೆಡುತ್ತದೆ, ಜಾಸ್ತಿ ಜನ ಸೋಲುವುದು ಇಲ್ಲೇ. ಮೊದಲು ಅರ್ಧ ವೇಗದಲ್ಲಿ ಅಭ್ಯಾಸ ಮಾಡಿ, ಪಕ್ಕದಲ್ಲೊಬ್ಬರು ಮೊಬೈಲ್‌ನಲ್ಲಿ ಸ್ಲೋ ಮೋಷನ್ ವಿಡಿಯೊ ತೆಗೆಯಲಿ. ಎದೆ ಗೆರೆಗೆ ಬಂದಾಗ ಯಾವ ಕಾಲು ನೆಲದಲ್ಲಿತ್ತು ಅಂತ ನೋಡಿಕೊಳ್ಳಿ.